ಹ್ಯೂಸ್ಟನ್ನಿನಲ್ಲಿ ಬಿಟ್ಟೆದ್ದ ಊಟ

ಮೂವತ್ತೊಂದು ವರ್ಷ ಮೈಸೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಅಷ್ಟು ವರ್ಷವೂ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: ‘ಭಾರತದಲ್ಲಿ ಬೌದ್ಧಧರ್ಮದ ಅವನತಿಗೆ ಕಾರಣಗಳೇನು?’ ಆರು ಕಾರಣ, ಹತ್ತು ಅಂಕ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಆರನ್ನೂ ಒಪ್ಪಿಸಬಲ್ಲೆ. ನನ್ನ ಮಟ್ಟಿಗೆ ಬುದ್ಧನೆಂದರೆ ಓದಿ ಮುಗಿಸಿ ಮುಚ್ಚಿಟ್ಟ ಅಧ್ಯಾಯ. ಬೈಲುಕುಪ್ಪೆಯ ಟಿಬೆಟಿನವರು ನಮ್ಮೂರ ಬೀದಿಯಲ್ಲಿ ಸ್ವೆಟರ್ ಮಾರುತ್ತಿದ್ದರು. ಪ್ರತಿ ಚಳಿಗಾಲದಲ್ಲೂ ಅವರ ಹತ್ತಿರ ಚೌಕಾಸಿ ಮಾಡುತ್ತಿದ್ದೆನೇ ಹೊರತು ಅವರ ಧರ್ಮದ ಬಗ್ಗೆ ಒಂದು ಮಾತು ಕೇಳಿದವನಲ್ಲ.

ಇಂಥ ನಾನು ಬದುಕಿರುವ ಬೌದ್ಧರ ಎದುರು ಮೊದಲ ಸಲ ಕೂತದ್ದು ಅಮೆರಿಕದ ಟೆಕ್ಸಾಸಿನಲ್ಲಿ. ಅಮೆರಿಕಕ್ಕೆ ಹೋಗಿಬಂದವರು ಮುಗಿಲು ಮುಟ್ಟುವ ಕಟ್ಟಡಗಳ ಕಥೆ ಹೇಳುತ್ತಾರೆ. ನನ್ನ ಹತ್ತಿರ ಅಂಥದ್ದೇನೂ ಇಲ್ಲ. ಮೂರು ಊರು ನೋಡಿದೆ, ಮೂರರಲ್ಲೂ ಬೆಚ್ಚಿಬಿದ್ದೆ, ಮೂರನೆಯದರಲ್ಲಿ ಬೆಚ್ಚಿದ್ದು ನನ್ನನ್ನು ಕಂಡೇ.

ಡಲ್ಲಾಸ್

ಶ್ರೀಕಂಠ ನನ್ನ ಅಕ್ಕನ ಮಗ, ಡಲ್ಲಾಸಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರು. ನಾನು ರಿಟೈರ್ ಆದ ಮರುವರ್ಷ ಹಟ ಹಿಡಿದು ಕರೆಸಿಕೊಂಡ. ವಿಯೆಟ್ನಾಂ ಯುದ್ಧ ಮುಗಿದು ಆಗ ಮೂರು ವರ್ಷವಾಗಿತ್ತು. ಅವನ ಮನೆ ಊರಾಚೆಯ ಕ್ಯಾರಲ್ಟನ್‌ನಲ್ಲಿ. ಅಲ್ಲಿ ಆಗ ನಮ್ಮವರ ಮನೆ ಎರಡೋ ಮೂರೋ. ಅವನ ಹೆಂಡತಿ ವಸುಮತಿ ತೊಗರಿಬೇಳೆಯನ್ನು ನ್ಯೂಯಾರ್ಕಿನಿಂದ ಅಂಚೆಯಲ್ಲಿ ತರಿಸಿಕೊಳ್ಳುತ್ತಿದ್ದಳು. ಸಾರಿನ ಬೇಳೆಗೆ ಪೋಸ್ಟ್‌ಮನ್ ದಾರಿ ಕಾಯುವ ದೇಶವನ್ನು ನಾನು ಅದೇ ಮೊದಲು ನೋಡಿದ್ದು.

ಬಂದ ವಾರದಲ್ಲೇ ಪಕ್ಕದ ಮನೆಯ ಮಿಸೆಸ್ ರೂಬಿ ನಮ್ಮನ್ನು ಊಟಕ್ಕೆ ಕರೆದರು. ಅರವತ್ತು ದಾಟಿದ ಹೆಂಗಸು, ಭಾನುವಾರ ಎರಡು ಹೊತ್ತು ಚರ್ಚಿಗೆ ಹೋಗುವವರು, ಎಲ್ಲರನ್ನೂ ‘ಹನಿ’ ಎಂದು ಕರೆಯುವವರು. ನಾನು ಇಂಡಿಯಾದವನು ಎಂದು ಸಂತೋಷಪಟ್ಟು, ‘ನಿಮಗೆ ಇಷ್ಟವಾಗುವ ವಸ್ತು ನನ್ನಲ್ಲೊಂದಿದೆ’ ಎಂದು ನಡುಮನೆಗೆ ಕರೆದೊಯ್ದರು. ಮೂಲೆಯ ಮೇಜಿನ ಮೇಲೆ ಡೊಳ್ಳುಹೊಟ್ಟೆ ಬಿಟ್ಟುಕೊಂಡು ನಗುವ ಒಂದು ಪಿಂಗಾಣಿ ಬೊಂಬೆ. ಮಿಸೆಸ್ ರೂಬಿ ಅದರ ಪಕ್ಕದಲ್ಲಿ ನೇತಾಡುತ್ತಿದ್ದ ಸರಪಳಿ ಎಳೆದರು. ಬೊಂಬೆಯ ನೆತ್ತಿಯ ಮೇಲೆ ಬಲ್ಬು ಹತ್ತಿತು.

‘ಬುದ್ಧ!’ ಎಂದರು ಹೆಮ್ಮೆಯಿಂದ.

ನನಗೆ ರೇಗಿತು. ಬುದ್ಧ ರಾಜಕುಮಾರನಾಗಿದ್ದವನು, ಉಪವಾಸ ಮಾಡಿ ಎಲುಬಿನ ಗೂಡಾದವನು, ಅವನಿಗೆ ಇಂಥ ಹೊಟ್ಟೆ ಎಲ್ಲಿಂದ ಬರಬೇಕು ಎಂದು ಅಲ್ಲೇ ನಿಂತು ಕಾಲು ಗಂಟೆ ಪಾಠ ಮಾಡಿದೆ. ಅವರು ‘ಹೌದಾ ಹನಿ, ಹೌದಾ’ ಎಂದು ತಲೆಯಾಡಿಸುತ್ತಾ ಕೇಳಿದರು. ದೀಪ ಮಾತ್ರ ಆರಿಸಲಿಲ್ಲ.

ಊಟಕ್ಕೆ ಕೂರುವ ಮೊದಲು ನಾನು ಸ್ಪಷ್ಟವಾಗಿ ವಿಚಾರಿಸಿದೆ. ಇದರಲ್ಲಿ ಮಾಂಸವಿದೆಯೇ?

‘ಅಯ್ಯೋ ಇಲ್ಲ ಹನಿ, ಬರೀ ಬೀನ್ಸು, ಆಲೂಗಡ್ಡೆ.’

ಬೀನ್ಸ್ ಪಲ್ಯ ಬಹಳ ಚೆನ್ನಾಗಿತ್ತು. ಸಾಸಿವೆಯಿಲ್ಲ, ಕರಿಬೇವಿಲ್ಲ, ಆದರೂ ಏನೋ ಒಂದು ಹೊಗೆಯ ಘಮ. ಎರಡು ಸಲ ಹಾಕಿಸಿಕೊಂಡೆ. ಅಷ್ಟಕ್ಕೇ ಸುಮ್ಮನಿರದೆ ಮರುದಿನ, ‘ಮಾಡೋ ಕ್ರಮ ಕೇಳಿ ಕಲ್ತ್ಕೊಳಮ್ಮ’ ಎಂದು ವಸುಮತಿಯ ತಲೆ ತಿಂದೆ. ಅವಳು ಫೋನ್ ಮಾಡಿದಳು. ಬರೆದುಕೊಳ್ಳುತ್ತಿದ್ದ ಪೆನ್ಸಿಲು ನಡುವೆ ನಿಂತಿತು. ಫೋನಿಟ್ಟು ನನ್ನ ಮುಖ ನೋಡದೆ ಹೇಳಿದಳು:

‘ಮಾವ, ಮೊದಲು ಬಾಣಲೆಗೆ ಹಂದಿ ಕೊಬ್ಬು ಹಾಕಿ ಕರಗಿಸ್ಬೇಕಂತೆ. ಅದು ಮಾಂಸ ಅಲ್ವಂತೆ, ಬರೀ ರುಚಿಗಂತೆ.’

ಆಮೇಲಿನದನ್ನು ವಿವರಿಸಲಾರೆ. ಎರಡು ಸಲ ತಲೆಗೆ ಸ್ನಾನ ಮಾಡಿದೆ, ಜನಿವಾರ ಬದಲಾಯಿಸಿದೆ, ದಿನವಿಡೀ ಏನನ್ನೂ ಮುಟ್ಟಲಿಲ್ಲ. ಆ ಹೆಂಗಸು ಸುಳ್ಳು ಹೇಳಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಹೆದರಿಸಿತು. ಇನ್ನು ಈ ದೇಶದಲ್ಲಿ ಯಾರ ಬಾಯಿಮಾತನ್ನೂ ನಂಬುವುದಿಲ್ಲ, ತಟ್ಟೆಯಲ್ಲಿರುವುದನ್ನು ನನ್ನ ಕಣ್ಣಿನಿಂದ ನೋಡಿಯೇ ನಂಬುವುದು ಎಂದು ಶಪಥ ಮಾಡಿದೆ.

ಅದೇ ವಾರ ಶ್ರೀಕಂಠ ಆಸ್ಪತ್ರೆಯಿಂದ ಒಂದು ಕೋರಿಕೆ ಹೊತ್ತು ತಂದ. ಅಲ್ಲಿನ ರಕ್ತಪರೀಕ್ಷೆಯ ವಿಭಾಗದಲ್ಲಿ ಲಿಯೆನ್ ಎಂಬ ವಿಯೆಟ್ನಾಂ ಹೆಂಗಸು ಕೆಲಸ ಮಾಡುತ್ತಿದ್ದರು. ಯುದ್ಧ ಮುಗಿದಾಗ ತಾಯಿಯನ್ನು ಕರೆದುಕೊಂಡು ಓಡಿಬಂದವರು. ಆ ತಾಯಿ ಈಗ ಡಲ್ಲಾಸಿನ ಬಾಡಿಗೆ ಮನೆಯಲ್ಲಿ ತೀರಿಕೊಂಡಿದ್ದರು. ಅವರಲ್ಲಿ ಜೀವ ಹೋದ ಮೇಲೆ ನಲವತ್ತೊಂಬತ್ತು ದಿನ ದಾರಿಯಲ್ಲೇ ಇರುತ್ತದಂತೆ. ಪ್ರತಿ ಏಳನೆಯ ದಿನ ಪ್ರಾರ್ಥನೆ ನಡೆಯಬೇಕು, ನಲವತ್ತೊಂಬತ್ತನೆಯ ದಿನ ಊಟವಿಟ್ಟು ಕಳಿಸಿಕೊಡಬೇಕು. ಡಲ್ಲಾಸಿನಲ್ಲಿ ಅವರ ಭಿಕ್ಷು ಯಾರೂ ಇರಲಿಲ್ಲ. ಇದ್ದವರು ಹ್ಯೂಸ್ಟನ್ನಿನಲ್ಲಿ, ಬಸ್ಸಿನಲ್ಲಿ ಹೋಗಲು ಐದು ಗಂಟೆ, ಬರಲು ಐದು ಗಂಟೆ. ಲಿಯೆನ್ ಆರು ಭಾನುವಾರ ಹೀಗೆ ಒಬ್ಬರೇ ಹೋಗಿಬಂದಿದ್ದರು. ಮುಂದಿನ ಭಾನುವಾರ ಏಳನೆಯದು, ಕೊನೆಯದು.

‘ನಿಮ್ಮ ಮನೇಲಿ ಬುದ್ಧನ ದೇಶದ ಹಿರಿಯರು ಬಂದಿದಾರಂತೆ, ಅವರು ಬಂದು ಊಟಕ್ಕೆ ಕೂತರೆ ನಮ್ಮಮ್ಮಂಗೆ ದಾರಿ ಸುಲಭ ಆಗುತ್ತೆ ಅಂತಾರೆ ಮಾವ. ಏನು ಹೇಳ್ಲಿ?’

ನಮ್ಮಲ್ಲಿ ವೈಕುಂಠ ಸಮಾರಾಧನೆ ಹದಿಮೂರಕ್ಕೆ ಮುಗಿದುಹೋಗುತ್ತದಲ್ಲ, ಇವರದ್ದು ಬಹಳ ಉದ್ದ ಎಂದುಕೊಂಡೆ. ಆದರೆ ‘ಬುದ್ಧನ ದೇಶದ ಹಿರಿಯರು’ ಎಂಬ ಮಾತಿಗೆ ಉಬ್ಬಿಹೋದೆ. ಬರುತ್ತೇನೆಂದು ಹೇಳು ಎಂದೆ. ಚಿತ್ರದುರ್ಗದ ಬ್ರಹ್ಮಗಿರಿಯ ಅಶೋಕನ ಶಾಸನದ ಮೇಲೆ ಒಂದು ಸಣ್ಣ ಭಾಷಣವನ್ನೂ ಬರೆದಿಟ್ಟುಕೊಂಡೆ. ಬೀನ್ಸಿನ ಕಥೆ ನೆನಪಾಗಿ, ‘ಅಲ್ಲಿ ಊಟ ಹೇಗೋ?’ ಎಂದು ಕೇಳಿದಾಗ ಶ್ರೀಕಂಠ, ‘ಪೂರ್ತಿ ವೆಜಿಟೇರಿಯನ್ ಅಂತೆ ಮಾವ’ ಎಂದ. ಅಂತೆ! ಬೀನ್ಸೂ ಪೂರ್ತಿ ವೆಜಿಟೇರಿಯನ್ನೇ ಆಗಿತ್ತಂತೆ.

ಆಸ್ಟಿನ್

ವಸುಮತಿಗೆ ಕೆಲಸವಿತ್ತು, ಅವಳು ಬರಲಿಲ್ಲ. ನಾನು, ಶ್ರೀಕಂಠ ಇಬ್ಬರೇ ಶುಕ್ರವಾರ ಹೊರಟೆವು. ಆಸ್ಟಿನ್ನಿನಲ್ಲಿ ಎರಡು ರಾತ್ರಿ ತಂಗಿ ಭಾನುವಾರ ಮುಂದಕ್ಕೆ ಹೋಗುವುದೆಂದು ಏರ್ಪಾಟು. ಅಲ್ಲಿ ನಮ್ಮನ್ನು ಇಳಿಸಿಕೊಂಡವನು ಬಸವರಾಜ, ಧಾರವಾಡದ ಕಡೆಯ ಹುಡುಗ, ಯೂನಿವರ್ಸಿಟಿಯಲ್ಲಿ ಡಾಕ್ಟರೇಟ್ ಮಾಡುತ್ತಿದ್ದ. ರೊಟ್ಟಿಗೆ ಜೋಳದ ಹಿಟ್ಟು ಸಿಗದೆ ಮೆಕ್ಸಿಕನ್ನರ ಮೆಕ್ಕೆಜೋಳದ ಹಿಟ್ಟಿನಲ್ಲಿ ತಟ್ಟಿ ತಟ್ಟಿ ಸೋತಿದ್ದ. ನಾವು ಹ್ಯೂಸ್ಟನ್ನಿಗೆ ಹೋಗುವ ಕಾರಣ ಕೇಳಿದವನೇ ಎದ್ದು ಕೂತ.

‘ಸರ್, ಬೌದ್ಧರನ್ನ ನೋಡಾಕ ಹ್ಯೂಸ್ಟನ್ ತನಕಾ ಯಾಕ್ರಿ? ಇಲ್ಲೇ ಎರಡು ಓಣಿ ದಾಟಿದ್ರ ಅದಾರ. ಬೆಳಗ್ಗೆ ಎದ್ದು ಗ್ವಾಡಿ ಕಡೆ ಮಾರಿ ಮಾಡಿ ಕುಂದರ್ತಾರ.’

‘ಗೋಡೆಯ ಕಡೆಗೇ? ಏನು ತಪ್ಪು ಮಾಡಿದ್ದಾರೆ?’

‘ಅದನ್ನ ನೀವೇ ಕೇಳ್ರಿ.’

ಬೆಳಿಗ್ಗೆ ಹೋದೆವು. ಮರದ ಹಳೆಯ ಮನೆ. ಬಾಗಿಲಲ್ಲಿ ಹನ್ನೆರಡು ಜೊತೆ ಪಾದರಕ್ಷೆ ಒಂದೇ ಗೆರೆಯಲ್ಲಿ ಜೋಡಿಸಿಟ್ಟಿದ್ದರು, ಅದರಲ್ಲಿ ದನ ಕಾಯುವವರು ಹಾಕುವ ಮೊಣಕಾಲುದ್ದದ ಬೂಟೂ ಒಂದು ಜೊತೆ. ನಮ್ಮ ಮಠದ ಬಾಗಿಲಲ್ಲಿ ಚಪ್ಪಲಿ ರಾಶಿಯಲ್ಲಿ ನನ್ನದನ್ನು ಹುಡುಕಿ ಹುಡುಕಿ ಬೇಸತ್ತ ನನಗೆ ಇದೇ ಒಂದು ಪವಾಡವಾಗಿ ಕಂಡಿತು. ಒಳಗೆ ಉದ್ದ ಗಡ್ಡದ ಹುಡುಗರು, ಜಡೆಯ ಹುಡುಗಿಯರು, ಬಿಳಿಯರೇ ಎಲ್ಲ, ಒಬ್ಬೊಬ್ಬರೂ ಗೋಡೆಗೆ ಮುಖ ಮಾಡಿ ಪದ್ಮಾಸನ ಹಾಕಿ ಕಂಬದ ಹಾಗೆ ಕೂತಿದ್ದರು. ಮಾತಿಲ್ಲ, ಮಂತ್ರವಿಲ್ಲ, ಮಂಗಳಾರತಿಯಿಲ್ಲ. ನನ್ನ ಆರು ಕಾರಣಗಳಲ್ಲಿ ಇವರಿಗೆ ಹೊಂದುವುದು ಒಂದೂ ಇರಲಿಲ್ಲ.

ಅವರ ಮುಂದಾಳು ಸುಮಾರು ಮೂವತ್ತೈದರ ಆಳು, ಕಾರು ರಿಪೇರಿ ಮಾಡುವವನು, ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು. ನನಗೆ ಸೊಂಟ ಬಗ್ಗಿಸಿ ನಮಿಸಿ ಒಂದು ದಿಂಬು ಕೊಟ್ಟ. ಇಂಡಿಯಾದವನಿಗೆ ಕೂರುವುದನ್ನು ಕಲಿಸಬೇಕೇ ಎಂದು ನಾನೂ ಪದ್ಮಾಸನ ಹಾಕಿದೆ. ಹತ್ತು ನಿಮಿಷಕ್ಕೆ ಎಡಗಾಲು ನನ್ನದಲ್ಲ ಎನ್ನಿಸಿತು. ಇಪ್ಪತ್ತಕ್ಕೆ ಬಲಗಾಲೂ ಹೋಯಿತು. ಪಕ್ಕದಲ್ಲಿ ಆ ಬೂಟಿನ ಒಡೆಯ, ಆರಡಿ ಮೀರಿದ ಮನುಷ್ಯ, ಅಲುಗದೆ ಕೂತಿದ್ದ.

ಆಗ ಬೆನ್ನ ಹಿಂದೆ ಮೆಲ್ಲಗೆ ಹೆಜ್ಜೆ ಸಪ್ಪಳವಾಯಿತು. ತಿರುಗಿ ನೋಡಿದೆ. ಮುಂದಾಳು ಒಂದು ಚಪ್ಪಟೆ ಕೋಲು ಹಿಡಿದು ಬರುತ್ತಿದ್ದ. ಗುರುಸ್ಥಾನದವರು ಎದುರಾದರೆ ನಾವು ಏನು ಮಾಡುತ್ತೇವೆ? ಕೈ ಮುಗಿಯುತ್ತೇವೆ. ನಾನೂ ಮುಗಿದೆ. ಅವನು ನಿಂತು, ನನಗೆ ತಲೆಬಾಗಿ, ಆ ಕೋಲನ್ನೆತ್ತಿ ನನ್ನ ಎರಡೂ ಭುಜಕ್ಕೆ ಫಟ್ ಫಟ್ ಎಂದು ಬಾರಿಸಿದ!

ನನ್ನ ಬಾಯಿಂದ ಬಂದದ್ದು ಅಚ್ಚ ಮೈಸೂರು ಬೈಗುಳ. ಪುಣ್ಯಕ್ಕೆ ಬಸವರಾಜನೊಬ್ಬನಿಗೇ ಅರ್ಥವಾಯಿತು. ಅವನು ಗೋಡೆಗೆ ಹಣೆ ಹಚ್ಚಿ ನಗು ತಡೆಯುತ್ತಿದ್ದ. ಆಮೇಲೆ ಚಹಾ ಕುಡಿಯುವಾಗ ಗೊತ್ತಾಯಿತು. ಕೂತಲ್ಲಿ ತೂಕಡಿಕೆ ಬಂದವರು ಕೈ ಮುಗಿದರೆ ‘ನನಗೊಂದು ಪೆಟ್ಟು ಕೊಡಿ’ ಎಂದು ಕೇಳಿಕೊಂಡ ಹಾಗಂತೆ. ಕೇಳದವರಿಗೆ ಹೊಡೆಯುವುದಿಲ್ಲವಂತೆ.

ಮುಂದಾಳು ಬಹಳ ನೊಂದುಕೊಂಡ. ‘ನಿಮ್ಮನ್ನು ಕೇಳಿ ಹೊಡೆಯಬೇಕಿತ್ತು’ ಎಂದು ಮೂರು ಸಲ ಹೇಳಿದ. ನಾನು ಕುತೂಹಲಕ್ಕೆ, ನಿಮಗೆ ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ಕೇಳಿದೆ. ಅವನು ವಿಯೆಟ್ನಾಂನಲ್ಲಿ ಸಿಪಾಯಿಯಾಗಿದ್ದನಂತೆ. ‘ಅಲ್ಲಿ ಒಂದು ದೇವಸ್ಥಾನದ ಮುಂದೆ ಒಬ್ಬ ಮುದುಕಿ ನನಗೆ ಊಟ ಹಾಕಿದಳು. ಅದರಲ್ಲಿ ವಿಷ ಇದೆಯೇನೋ ಎಂದು ಅವಳ ಎದುರಿಗೇ ನೆಲಕ್ಕೆ ಚೆಲ್ಲಿದೆ. ಅವಳ ಮುಖ ಕಣ್ಣಿಂದ ಹೋಗಲಿಲ್ಲ. ಅದಕ್ಕೇ ಗೋಡೆ ನೋಡುತ್ತೇನೆ’ ಎಂದ. ಭುಜ ಉರಿಯುತ್ತಿತ್ತು. ಆ ಮಾತು ನನಗೆ ಆಗ ತಟ್ಟಲಿಲ್ಲ.

ಹ್ಯೂಸ್ಟನ್

ಹ್ಯೂಸ್ಟನ್ನಿನ ಸೆಕೆಗೆ ಮಂಗಳೂರು ನೆನಪಾಯಿತು. ಅವರ ದೇವಸ್ಥಾನವೆಂದರೆ ಅಕ್ಕಪಕ್ಕದ ಮನೆಗಳ ಹಾಗೇ ಇರುವ ಒಂದು ತಗ್ಗು ಮನೆ. ಕಾರು ನಿಲ್ಲಿಸುವ ಶೆಡ್ಡಿಗೆ ಗೋಡೆ ಕಟ್ಟಿ ಪ್ರಾರ್ಥನೆಯ ಹಜಾರ ಮಾಡಿಕೊಂಡಿದ್ದರು. ಬಾಗಿಲಲ್ಲೇ ನನಗೆ ಎದುರಾದವನು ಯಾರು? ಡೊಳ್ಳುಹೊಟ್ಟೆಯ, ಬಾಯ್ತುಂಬ ನಗುವ, ಮಿಸೆಸ್ ರೂಬಿಯ ಮನೆಯ ದೀಪದವನೇ! ಮುಂದೆ ಕಿತ್ತಳೆ ಹಣ್ಣು, ಊದುಕಡ್ಡಿ.

ಲಿಯೆನ್ ಬಂದು ಸ್ವಾಗತಿಸಿದರು. ನಲವತ್ತರ ಆಸುಪಾಸಿನ, ಸಣ್ಣ ಆಕಾರದ ಹೆಂಗಸು, ಹಣೆಗೆ ಬಿಳಿ ಬಟ್ಟೆ ಕಟ್ಟಿಕೊಂಡಿದ್ದರು, ಕಣ್ಣು ನಿದ್ದೆಗೆಟ್ಟು ಊದಿತ್ತು. ನಾನು ಬೊಂಬೆಯ ಕಡೆ ನೋಡುವುದನ್ನು ಕಂಡು, ‘ಮೈತ್ರೇಯ. ಮುಂದೆ ಬರುವ ಬುದ್ಧ’ ಎಂದರು ಮುರುಕು ಇಂಗ್ಲಿಷಿನಲ್ಲಿ. ಮೈತ್ರೇಯನ ಮೇಲೆ ಟಿಪ್ಪಣಿ ಬರೆಸಿದವನು ನಾನು. ಅವನಿಗೆ ಹೊಟ್ಟೆಯಿದೆಯೆಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಮಿಸೆಸ್ ರೂಬಿಗೆ ಮಾಡಿದ ಪಾಠ ನೆನಪಾಗಿ ಮುಖ ಬಿಸಿಯಾಯಿತು.

ಒಳಗಿನ ಗೋಡೆ ನೋಡಿ ನಿಂತುಬಿಟ್ಟೆ. ನೆಲದಿಂದ ಎದೆಯೆತ್ತರದವರೆಗೆ ಬರೀ ಸತ್ತವರ ಫೋಟೋಗಳು. ಮದುವೆ ಬಟ್ಟೆಯಲ್ಲಿರುವ ಹುಡುಗಿ, ಶಾಲೆಯ ಟೋಪಿಯ ಹುಡುಗ, ಒಂದೇ ಚೌಕಟ್ಟಿನಲ್ಲಿ ಇಡೀ ಕುಟುಂಬ. ಅರ್ಧಕ್ಕರ್ಧ ದೇಶ ಬಿಟ್ಟು ದೋಣಿಯಲ್ಲಿ ಓಡಿಬರುವಾಗ ಸಮುದ್ರದಲ್ಲಿ ಹೋದವರು, ಸುಡಲು ಹೂಳಲು ದೇಹವೂ ಸಿಗದವರು ಎಂದು ಶ್ರೀಕಂಠ ಪಿಸುಗುಟ್ಟಿದ. ಕೆಳಗಿನ ಸಾಲಿನ ಕೊನೆಯಲ್ಲಿ ಹೊಸ ಫೋಟೋ, ಲಿಯೆನ್ನರ ತಾಯಿ. ವೀಳ್ಯ ಹಾಕಿ ಹಲ್ಲು ಕಪ್ಪಾದ, ನಮ್ಮ ಅಗ್ರಹಾರದ ಯಾವ ಜಗಲಿಯಲ್ಲಾದರೂ ಕೂತಿರಬಹುದಾಗಿದ್ದ ಮುದುಕಿ.

ವಯಸ್ಸಾದ ಭಿಕ್ಷು ಮರದ ಬುರುಡೆಯೊಂದನ್ನು ಬಡಿಯುತ್ತಾ ಒಂದು ಗಂಟೆ ಮಂತ್ರ ಹೇಳಿದರು. ಆಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡು ಏನೋ ಕೇಳಿದರು. ಲಿಯೆನ್ ಇಂಗ್ಲಿಷಿಗೆ ತಿರುಗಿಸಿದರು.

‘ಬೋಧಿಮರದ ಕೆಳಗಿನ ಮಣ್ಣು ಯಾವ ಬಣ್ಣ ಎಂದು ಕೇಳುತ್ತಾರೆ. ನಮ್ಮಮ್ಮನಿಗೆ ಅದನ್ನು ನೋಡಬೇಕೆಂದು ಬಹಳ ಆಸೆಯಿತ್ತು.’

ಮೂವತ್ತೊಂದು ವರ್ಷ ಬೋಧಗಯೆಯನ್ನು ಭೂಪಟದಲ್ಲಿ ಗುರುತಿಸಲು ಹುಡುಗರಿಗೆ ಹೇಳಿದ್ದೆ. ಹೋಗಿರಲಿಲ್ಲ. ನೋಡಿಲ್ಲ ಎಂದೆ.

‘ಬಹಳ ದೂರವೇ?’

‘ರೈಲಿನಲ್ಲಿ ಮೂರು ದಿನ.’

ಭಿಕ್ಷು ಸುಮ್ಮನೆ ತಲೆಯಾಡಿಸಿದರು. ಜೇಬಿನಲ್ಲಿದ್ದ ಅಶೋಕನ ಭಾಷಣವನ್ನು ನಾನು ಹೊರಗೆ ತೆಗೆಯಲೇ ಇಲ್ಲ.

ಊಟಕ್ಕೆ ಚಾಪೆ ಹಾಸಿದರು. ಮೊದಲ ತಟ್ಟೆ ತಾಯಿಯ ಫೋಟೋದ ಮುಂದೆ ಇಟ್ಟರು. ಎರಡನೆಯದನ್ನು ಲಿಯೆನ್ ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮುಂದೆ ಇಟ್ಟು, ಎದುರಿಗೆ ಮಂಡಿಯೂರಿ ಕೂತರು. ಈ ಎರಡು ತಟ್ಟೆ ಬಡಿಸಿದ ಮೇಲೆಯೇ ಉಳಿದವರದ್ದು.

ತಟ್ಟೆ ನೋಡಿದೆ. ಅನ್ನದ ಪಕ್ಕದಲ್ಲಿ ಒಂದು ಇಡೀ ಮೀನು. ಹೊಳೆಯುವ ಚರ್ಮ, ಸಾಲು ಸಾಲು ಹುರುಪೆ, ಬಾಲ, ನನ್ನನ್ನೇ ದಿಟ್ಟಿಸುವ ಒಂದು ಕಪ್ಪು ಕಣ್ಣು. ಅದರ ಆಚೆಗೆ ಕೆಂಪಗೆ ಹುರಿದ ಕೋಳಿ ಕಾಲು, ಮೂಳೆ ಹೊರಗೆ ಚಾಚಿಕೊಂಡಿತ್ತು.

 ಬುದ್ಧನ ಎದುರಿಗೆ! ಸತ್ತ ತಾಯಿಯ ಹೆಸರಿನಲ್ಲಿ! ಪೂರ್ತಿ ವೆಜಿಟೇರಿಯನ್ ಅಂತೆ! ಬೀನ್ಸಿನ ಹೊಗೆಯ ಘಮ ಗಂಟಲಿಗೆ ಬಂತು. ಪಕ್ಕದಲ್ಲಿ ಶ್ರೀಕಂಠ ತನ್ನ ತಟ್ಟೆ ಬರುವುದನ್ನೇ ಕಾಯುತ್ತಿದ್ದ. ನಾನು ತಟ್ಟೆಯನ್ನು ಅಂಗೈಯಿಂದ ಹಿಂದಕ್ಕೆ ತಳ್ಳಿ ಎದ್ದುಬಿಟ್ಟೆ. ‘ಹೊಟ್ಟೆ ಸರಿಯಿಲ್ಲ, ನೀನು ಮುಗಿಸಿಕೊಂಡು ಬಾ’ ಎಂದು ಶ್ರೀಕಂಠನಿಗೆ ಹೇಳಿ ಹೊರಗೆ ಹೋಗಿ ಕಾರಿನಲ್ಲಿ ಕೂತೆ. ಹೋಗುವಾಗ ಲಿಯೆನ್ನರ ಮುಖ ಕಂಡಿತು. ಅವರು ನನ್ನನ್ನು ನೋಡುತ್ತಿರಲಿಲ್ಲ. ತಾಯಿಯ ಫೋಟೋ ನೋಡುತ್ತಿದ್ದರು.

ಕಾನ್ರೋ ಹತ್ತಿರ

ಡಲ್ಲಾಸಿನ ದಾರಿ ಹಿಡಿದು ಒಂದು ಗಂಟೆಯಾಗಿತ್ತು. ಎರಡೂ ಕಡೆ ಪೈನ್ ಮರಗಳು. ಶ್ರೀಕಂಠನೇ ಮಾತು ತೆಗೆದ.

‘ಹೊಟ್ಟೆ ಈಗ ಹೇಗಿದೆ ಮಾವ? ಲಿಯೆನ್‌ನ ನಮ್ಮ ಜೊತೇಲೇ ಕರ್ಕೊಂಡ್ಹೋಗೋಣ ಅಂತಿದ್ದೆ. ಬೇಡ, ನಾಲ್ಕೂವರೆ ಬಸ್ಸಿಗೇ ಹೋಗ್ತೀನಿ ಅಂದ್ಬಿಟ್ರು. ಯಾಕೋ ಬಹಳ ಬೇಜಾರಲ್ಲಿದ್ರು.’

ನನಗೆ ತಡೆಯಲಾಗಲಿಲ್ಲ.

‘ಬೇಜಾರು ಅವರಿಗಲ್ಲ, ನನಗೆ! ಆ ಕೋಳಿ ಕಾಲನ್ನ ನೀನೂ ತಿಂದ್ಯೇನೋ? ನನ್ನ ಅಕ್ಕನ ಹೊಟ್ಟೇಲಿ ಹುಟ್ಟಿ, ಕೋಳಿ ತಿಂದ್ಯಾ?’

‘ಯಾವ ಕೋಳಿ ಮಾವ? ಅದು ಸೋಯಾ.’

‘ಯಾರು ಹೇಳಿದ್ದು? ಅವರು ಹೇಳಿದ್ದು ತಾನೇ? ಬೀನ್ಸಿನಲ್ಲೂ ಏನೂ ಇರ್ಲಿಲ್ಲ!’

‘ಯಾರೂ ಹೇಳ್ಬೇಕಾಗಿಲ್ಲ ಮಾವ. ಕೋಳಿ ರುಚಿ ನಂಗೊತ್ತು. ಅದು ಕೋಳಿ ಅಲ್ಲ.’

 ತಾನು ಏನು ಹೇಳಿಬಿಟ್ಟೆನೆಂದು ಅವನಿಗೂ ಹೊಳೆದು ಕಿವಿ ಕೆಂಪಾಯಿತು. ಬೇರೆ ದಿನವಾಗಿದ್ದರೆ ಅವನನ್ನು ಅಲ್ಲೇ ಇಳಿಸಿ ಜನ್ಮ ಜಾಲಾಡುತ್ತಿದ್ದೆ. ಆದರೆ ಅಂಥ ಸಾಕ್ಷಿಯನ್ನು ನಂಬದೆ ಇರುವುದು ಹೇಗೆ? ಇದಕ್ಕಿಂತ ಖಾತರಿಯಾದ ಪ್ರಮಾಣ ನನಗೆ ಟೆಕ್ಸಾಸಿನಲ್ಲಿ ಎಲ್ಲಿಯೂ ಸಿಗುವಂತಿರಲಿಲ್ಲ.

ಅವನು ತಗ್ಗಿದ ದನಿಯಲ್ಲಿ ಹೇಳಿದ. ‘ಸೋಯಾ ಹಾಲಿನ ಕೆನೆ ಒಣಗಿಸಿ ಮಾಡ್ತಾರಂತೆ. ಮೂರು ದಿನ ರಜಾ ಹಾಕಿ ಮಾಡಿದಾರೆ. ನೀವು ಹೊಟ್ಟೆ ಸರಿಯಿಲ್ಲ ಅಂದ್ರಿ ಅಂತ ನಾನೂ ಹಾಗೇ ಹೇಳ್ದೆ. ಅವರು ನಂಬಲಿಲ್ಲ. ಬುದ್ಧನ ದೇಶದವರು ಎದ್ದುಹೋದ್ರಲ್ಲ, ಅಮ್ಮ ಈಗ ಹೇಗೆ ಹೋಗ್ತಾಳೆ ಅಂತ ಎರಡು ಸಲ ಕೇಳಿದ್ರು. ನನಗೆ ಉತ್ತರ ಗೊತ್ತಾಗಲಿಲ್ಲ ಮಾವ.’

ನನಗೆ ಗೊತ್ತಿತ್ತು. ನನ್ನ ಅಪ್ಪನ ಮೊದಲ ವರ್ಷದ ತಿಥಿ. ಆ ಬೆಳಿಗ್ಗೆ ಬಾವಿಯ ಹಗ್ಗ ಹರಿದು, ಹೊತ್ತಾಗುತ್ತದೆಂದು ಅಮ್ಮ ಮಡಿಗೆ ಸಲ್ಲದ ನಲ್ಲಿಯ ನೀರಿನಲ್ಲಿ ಅಡಿಗೆ ಮಾಡಿದ್ದಳು. ಸತ್ತವರ ಪರವಾಗಿ ಪಿತೃಸ್ಥಾನದಲ್ಲಿ ಕೂತ ಬ್ರಾಹ್ಮಣರಿಗೆ ಅದು ಹೇಗೋ ಗೊತ್ತಾಯಿತು. ಬಡಿಸಿದ ಎಲೆ ಬಿಟ್ಟು ಎದ್ದುಹೋದರು. ಊಟವಾದ ಮೇಲೆ ತಿಥಿ ಮಾಡುವ ಕರ್ತೃ ‘ತೃಪ್ತರಾದಿರಾ?’ ಎಂದು ಕೇಳಬೇಕು, ಅವರು ‘ತೃಪ್ತರಾದೆವು’ ಎನ್ನಬೇಕು, ಆಗಲೇ ಸತ್ತವರ ಹೊಟ್ಟೆ ತುಂಬಿದ ಹಾಗೆ. ಅವತ್ತು ಕೇಳಲು ನಾನಿದ್ದೆ, ಹೇಳಲು ಯಾರೂ ಇರಲಿಲ್ಲ. ಅಮ್ಮ ಸಾಯುವ ತನಕ, ‘ನಿಮ್ಮಪ್ಪ ಅವತ್ತು ಹಸ್ಕೊಂಡೇ ಹೋದ್ರು ಕಣೋ’ ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಎಲೆ ಬಿಟ್ಟು ಎದ್ದ ಆ ಬ್ರಾಹ್ಮಣ ಬದುಕಿರುವಷ್ಟು ದಿನ ನಾನು ಅವನನ್ನು ಮಾತಾಡಿಸಲಿಲ್ಲ. ಅವನು ಸತ್ತಾಗ ನೋಡಲೂ ಹೋಗಲಿಲ್ಲ.

ಈಗ ಅವನೇ ನಾನಾಗಿದ್ದೆ. ಅವನಿಗಾದರೂ ನಲ್ಲಿ ನೀರೆಂಬ ನಿಜವಾದ ಕಾರಣವಿತ್ತು. ನನಗೆ ಅದೂ ಇರಲಿಲ್ಲ. ಗೋಡೆಗೆ ಮುಖ ಮಾಡಿ ಕೂರುವ ಆಸ್ಟಿನ್ನಿನ ಸಿಪಾಯಿ ನೆನಪಾದ. ಅವನ ಕೋಲಿನ ಪೆಟ್ಟು ಆಗ ನಿಜವಾಗಿ ಬಿತ್ತು.

‘ಗಾಡಿ ತಿರುಗಿಸೋ’ ಎಂದೆ.

‘ಮಾವ, ನಾಳೆ ಬೆಳಿಗ್ಗೆ ನಂಗೆ ಡ್ಯೂಟಿ.’

‘ಹಾಗಾದ್ರೆ ಕೋಳಿ ವಿಷಯ ನಿಮ್ಮಮ್ಮಂಗೆ ಬರೀಲಾ?’

ಮುಂದಿನ ತಿರುವಿನಲ್ಲೇ ಗಾಡಿ ತಿರುಗಿತು.

ಮತ್ತೆ ಹ್ಯೂಸ್ಟನ್

ಆ ಒಂದು ಗಂಟೆ ನಾನು ಶ್ರೀಕಂಠನ ಕೈಗಡಿಯಾರವನ್ನೇ ನೋಡುತ್ತಿದ್ದೆ. ಬಸ್ಸು ಹಿಡಿಯಲು ಅವರು ಬೇಗನೇ ಹೊರಟುಬಿಟ್ಟಿದ್ದರೆ? ತಾಯಿಯ ಮುಂದಿನ ತಟ್ಟೆಯನ್ನು ತೆಗೆದುಬಿಟ್ಟಿದ್ದರೆ? ನಲವತ್ತೊಂಬತ್ತನೆಯ ದಿನ ಐವತ್ತನೆಯ ದಿನ ಬರುವುದಿಲ್ಲ.

ತಲುಪಿದಾಗ ಮೂರೂವರೆ. ಅಂಗಳದ ಕಾರುಗಳೆಲ್ಲ ಹೋಗಿದ್ದವು. ಚಾಪೆ ಸುತ್ತಿಟ್ಟಿದ್ದರು. ಹಿಂದಿನ ಅಂಗಳದ ನಲ್ಲಿಯ ಹತ್ತಿರ ಲಿಯೆನ್ ಕುಕ್ಕರುಗಾಲಲ್ಲಿ ಕೂತು ದೊಡ್ಡ ಪಾತ್ರೆ ತಿಕ್ಕುತ್ತಿದ್ದರು. ಬಾಗಿಲ ಹತ್ತಿರ ಅವರ ಚೀಲ ಸಿದ್ಧವಾಗಿತ್ತು. ನನ್ನನ್ನು ಕಂಡು ಎದ್ದು ನಿಂತು, ಒದ್ದೆ ಕೈ ಒರೆಸಿಕೊಂಡರು. ಕೋಪವಿರಲಿಲ್ಲ ಆ ಮುಖದಲ್ಲಿ. ಇನ್ನೇನು ತಪ್ಪು ಹೇಳಲು ಬಂದಿದ್ದಾನೋ ಎಂಬ ಭಯವಿತ್ತು.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಇಂಗ್ಲಿಷ್ ವಾಕ್ಯಗಳನ್ನೆಲ್ಲ ಬಿಟ್ಟು ತುಂಡು ತುಂಡಾಗಿ ಹೇಳಿದೆ.

‘ನಾನು ಅದನ್ನು ನಿಜವಾದ ಮೀನು ಎಂದುಕೊಂಡೆ. ನಾವು ತಿನ್ನುವುದಿಲ್ಲ. ಕೇಳದೆ ಎದ್ದೆ. ತಪ್ಪು ನನ್ನದು, ನಿಮ್ಮ ಅಡಿಗೆಯದ್ದಲ್ಲ. ಹಸಿವಾಗಿದೆ. ಊಟ ಹಾಕುತ್ತೀರಾ?’

ಅವರು ನನ್ನನ್ನು ನೋಡಿದರು, ಶ್ರೀಕಂಠನನ್ನು ನೋಡಿದರು. ಅವರ ಬಾಯಿಗೆ ಕೈ ಹೋಯಿತು. ‘ನಿಜವಾದ ಮೀನು!’ ಎಂದರು. ನಗುವೋ ಅಳುವೋ ಗೊತ್ತಾಗದ ಒಂದು ಸದ್ದು ಬಂತು. ಓಡಿಹೋಗಿ ಭಿಕ್ಷುವಿಗೆ ಹೇಳಿದರು. ಮುದುಕರು ಹೊರಗೆ ಬಂದು ಆಕಾಶ ನೋಡಿ ಏನೋ ಅಂದರು.

‘ಸೂರ್ಯ ಮುಳುಗುವ ತನಕ ಇವತ್ತೇ ಎನ್ನುತ್ತಾರೆ’ ಎಂದು ಲಿಯೆನ್ ಮತ್ತೆ ಚಾಪೆ ಹಾಸಿದರು.

ತಾಯಿಯ ಮುಂದಿನ ತಟ್ಟೆ ಹಾಗೇ ಇತ್ತು. ಅವರು ತೆಗೆಯಲು ಬಿಟ್ಟಿರಲಿಲ್ಲ. ನನಗೆ ಬಡಿಸಿದ ತಟ್ಟೆಯನ್ನೂ ಬಟ್ಟೆ ಮುಚ್ಚಿ ಅದರ ಪಕ್ಕದಲ್ಲಿ ಇಟ್ಟಿದ್ದರು. ಅದನ್ನೇ ತಂದಿಟ್ಟರು.

ಈ ಸಲ ಹತ್ತಿರದಿಂದ ನೋಡಿದೆ. ಮೀನಿನ ಕಣ್ಣು ಒಂದು ಕಾಳುಮೆಣಸು. ಹುರುಪೆಗಳನ್ನು ಚಮಚದ ಅಂಚಿನಿಂದ ಒಂದೊಂದಾಗಿ ಒತ್ತಿದ್ದರು. ಚರ್ಮ ಪದರ ಪದರವಾದ ಸೋಯಾ ಕೆನೆ. ಆದರೂ ಅರವತ್ತು ವರ್ಷದ ನಾಲಿಗೆಗೆ ನ್ಯಾಯ ಹೇಳಿ ಒಪ್ಪಿಸುವುದು ಸುಲಭವಲ್ಲ. ಮೊದಲು ಕೋಳಿ ಕಾಲು ಎತ್ತಿಕೊಂಡು ಕಣ್ಣು ಮುಚ್ಚಿ ಕಚ್ಚಿದೆ. ಮೂಳೆಗೆ ಹಲ್ಲು ತಾಗಿದಾಗ ಬಂದದ್ದು ನಿಂಬೆಹುಲ್ಲಿನ ಪರಿಮಳ. ಮೂಳೆಯ ಜಾಗದಲ್ಲಿ ಅವರು ಸಿಕ್ಕಿಸಿದ್ದು ನಿಂಬೆಹುಲ್ಲಿನ ದಂಟು! ಜ್ವರ ಬಂದಾಗ ನನ್ನಮ್ಮ ಕಷಾಯಕ್ಕೆ ಹಾಕುತ್ತಿದ್ದುದು ಅದನ್ನೇ. ಆಮೇಲೆ ನಾನು ನಿಲ್ಲಿಸಲಿಲ್ಲ.

ಲಿಯೆನ್ ಎದುರಿಗೆ ಕೂತು ನಿಧಾನವಾಗಿ ಹೇಳಿದರು. ‘ಅಮ್ಮನಿಗೆ ನಮ್ಮೂರ ಹೊಳೆಯ ಮೀನೆಂದರೆ ಪ್ರಾಣ. ನನ್ನ ತಮ್ಮ ಸಮುದ್ರದಲ್ಲಿ ಹೋದ ಮೇಲೆ ಬಿಟ್ಟಳು. ಅವನನ್ನು ಮೀನು ತಿಂದಿರಬಹುದು, ಆ ಮೀನನ್ನು ನಾನು ಹೇಗೆ ತಿನ್ನಲಿ ಎನ್ನುತ್ತಿದ್ದಳು. ಆದರೂ ಕನಸಿನಲ್ಲಿ ತಿನ್ನುತ್ತಿದ್ದಳಂತೆ. ಅದಕ್ಕೇ ಜೀವ ಹೋಗದ ಮೀನು ಮಾಡಿದೆ. ದಾರಿಗೆ.’

 ನಾನು ಒಂದು ಅಗುಳೂ ಬಿಡದೆ ಮುಗಿಸಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ತೃಪ್ತರಾದಿರಾ ಎಂದು ಕೇಳುವ ಕ್ರಮ ಅವರಲ್ಲಿ ಇದೆಯೋ ಇಲ್ಲವೋ ತಿಳಿಯದು, ಅವರೇನೂ ಕೇಳಲಿಲ್ಲ. ನಾನೇ ತಾಯಿಯ ಫೋಟೋದ ಕಡೆ ತಿರುಗಿ, ಕೈ ಮುಗಿದು, ನಮ್ಮಪ್ಪನ ತಿಥಿಯಲ್ಲಿ ಯಾರೂ ಹೇಳದೆ ಹೋದ ಮಾತನ್ನು ಗಟ್ಟಿಯಾಗಿ ಹೇಳಿದೆ.

‘ತೃಪ್ತನಾದೆ.’

ಅರ್ಥವೇನೆಂದು ಲಿಯೆನ್ ಶ್ರೀಕಂಠನನ್ನು ಕೇಳಿದರು. ಅವನು ಕನ್ನಡಕ ತೆಗೆದು ಒರೆಸುತ್ತಾ, ‘ಹೊಟ್ಟೆ ತುಂಬಿತು ಅಂತ. ಅಮ್ಮಂದೂ’ ಎಂದ. ಅವರು ಫೋಟೋದ ಮುಂದೆ ಬಾಗಿ ತಮ್ಮ ಭಾಷೆಯಲ್ಲಿ ತಾಯಿಗೆ ಬಹಳ ಹೊತ್ತು ಏನೋ ಹೇಳಿದರು. ಮನೆಯಿಂದ ಊರಿಗೆ ಹೊರಟವರಿಗೆ ಬಾಗಿಲಲ್ಲಿ ನಿಂತು ಹೇಳುವ ದನಿ ಅದು, ಅದಕ್ಕೆ ಭಾಷೆ ಬರಬೇಕಾಗಿರಲಿಲ್ಲ.

ಆಮೇಲೆ ತಾಯಿಯ ತಟ್ಟೆಯನ್ನು ಎತ್ತಿಕೊಂಡು ಬಂದು ನನ್ನ ಎದುರಿಗೆ ಕೂತರು. ಬೆಳಗಿನಿಂದ ಅವರು ಒಂದು ತೊಟ್ಟು ನೀರೂ ಕುಡಿದಿರಲಿಲ್ಲವೆಂದು ಭಿಕ್ಷು ಸನ್ನೆ ಮಾಡಿ ತಿಳಿಸಿದರು. ಲಿಯೆನ್ ಆ ಮೀನನ್ನು ಕೈಯಿಂದಲೇ ಎರಡು ತುಂಡು ಮಾಡಿ, ತಲೆಯ ಕಡೆಯದನ್ನು, ಕಾಳುಮೆಣಸಿನ ಕಣ್ಣಿನ ಸಮೇತ, ನನ್ನ ಬರಿದಾದ ತಟ್ಟೆಗೆ ಹಾಕಿದರು.

ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಬೇಡ ಎನ್ನಲಿಲ್ಲ. ಇಬ್ಬರೂ ಊಟ ಮಾಡಿದೆವು.